ಘಟ್ಟ ಹತ್ತಿದವರ ಗಂಟು

ಕುಂದಾಪುರದಿಂದ ತೀರ್ಥಹಳ್ಳಿಯತ್ತ ಹೊರಟ ಬಸ್ಸು ಬಾಳೆಬರೆ ಘಟ್ಟವನ್ನೇರುವ ಮುನ್ನ ಸಿದ್ದಾಪುರದ ಪೇಟೆಯನ್ನು ಹಾದುಹೋಗುತ್ತದೆ. ಕರ್ನಾಟಕದಲ್ಲಿ ಸಿದ್ದಾಪುರವೆಂಬ ಹೆಸರಿನ ಊರುಗಳು ಹಲವುಂಟು. ಇದು ಕುಂದಾಪುರ ತಾಲ್ಲೂಕಿನದು. ಇದರ ಸಮೀಪದ ಹೊಸಂಗಡಿಯಲ್ಲಿ, ನೆಲದಡಿಯ ವಿದ್ಯುದಾಗಾರವೊಂದು ವಾರಾಹಿ ನದಿಯ ನೀರಿನಿಂದ 460 ಮೆಗಾವಾಟ್ ಶಕ್ತಿಯನ್ನು ಉತ್ಪಾದಿಸಬಲ್ಲುದು. ಹುಟ್ಟುವುದು ಇಲ್ಲಿ, ಬೆಳಗುವುದು ದೂರದ ಊರುಗಳಲ್ಲಿ. ಈ ಸೀಮೆಯ ಮನುಷ್ಯರ ಕಥೆಯೂ ಬಹುಮಟ್ಟಿಗೆ ಹಾಗೆಯೇ.

ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದು ಮೂರು ತಾಲ್ಲೂಕುಗಳಾಗಿರುವ ಈ ಕಿರಿದಾದ ನೆಲ, ಒಂದು ಪಕ್ಕದಲ್ಲಿ ಕಡಲು, ಇನ್ನೊಂದು ಪಕ್ಕದಲ್ಲಿ ಘಟ್ಟ ಇವುಗಳ ನಡುವೆ ಸಿಕ್ಕಿಕೊಂಡಿದೆ. ಗದ್ದೆ ಕಡಿಮೆ, ಉಣ್ಣುವ ಬಾಯಿ ಹೆಚ್ಚು. ಆದುದರಿಂದ ಊರು ಬಿಡುವುದು ಇಲ್ಲಿಯವರಿಗೆ ಹೊಸತಲ್ಲ. ಆದರೆ ಹೊರಟವರು ಬರಿಗೈಯಲ್ಲಿ ಹೋದರೇ? ಅವರ ಗಂಟಿನಲ್ಲಿ ಏನಿತ್ತು?

ಕೆಲವರ ಗಂಟಿನಲ್ಲಿದ್ದುದು ಊರಿನ ಹೆಸರೊಂದೇ. ಸೌಪರ್ಣಿಕಾ ನದಿಯ ಬದಿಯ ಪಡುಕೋಣೆ ಒಂದು ಚಿಕ್ಕ ಹಳ್ಳಿ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಗೆದ್ದ ಪ್ರಕಾಶ್ ಪಡುಕೋಣೆ ಹುಟ್ಟಿದ್ದು ಬೆಂಗಳೂರಿನಲ್ಲಿ. ಅವರ ಮಗಳು, ಚಿತ್ರನಟಿ ದೀಪಿಕಾ, ಕೋಪನ್‌ಹೇಗನ್ನಿನಲ್ಲಿ. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳ ಗುರುದತ್ತರ ಮನೆತನದ ಹೆಸರೂ ಪಡುಕೋಣೆಯೇ. ಅವರೂ 1925ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು. ಮನೆತನ ಎಲ್ಲಿಯೇ ನೆಲೆಸಲಿ, ಹೆಸರು ಮಾತ್ರ ಹಳ್ಳಿಯದೇ ಉಳಿಯಿತು. ಆ ಹೆಸರನ್ನು ಉಚ್ಚರಿಸುವ ಕೋಟ್ಯಂತರ ಮಂದಿಯಲ್ಲಿ ಅದೊಂದು ಊರೆಂದು ಬಲ್ಲವರು ಎಷ್ಟು ಮಂದಿ?

ಇನ್ನು ಕೆಲವರ ಗಂಟಿನಲ್ಲಿ ಕೈಯ ರುಚಿಯಿತ್ತು. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಬಂದ ಯಜ್ಞನಾರಾಯಣ ಮಯ್ಯರೂ ಅವರ ಸೋದರರೂ 1924ರಲ್ಲಿ ಒಂದು ಕಾಫಿ ಕ್ಲಬ್ಬನ್ನು ತೆರೆದರು. ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್ಸ್, ಜನರ ಬಾಯಲ್ಲಿ ಎಂ.ಟಿ.ಆರ್., ಆಯಿತು. 1951ರಲ್ಲಿ ಯೂರೋಪಿನ ಪ್ರವಾಸ ಮಾಡಿಬಂದ ಮಯ್ಯರು ಅಲ್ಲಿ ಕಂಡ ಶುಚಿತ್ವದ ಕ್ರಮಗಳನ್ನು ತಮ್ಮ ಅಡುಗೆಮನೆಯಲ್ಲಿ ಜಾರಿಗೆ ತಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯ ಇಡ್ಲಿ ಅಲ್ಲಿಯೇ ಹುಟ್ಟಿತೆಂದು ಆ ಸಂಸ್ಥೆಯವರು ಹೇಳುತ್ತಾರೆ. ಬಡತನ ಕಲಿಸಿದ ಜಾಣ್ಮೆ ರಾಜಧಾನಿಯ ಫಲಾಹಾರವಾಯಿತು.

ಮತ್ತೆ ಕೆಲವರು ಒಯ್ದದ್ದು ಚಂಡೆಯ ಸದ್ದನ್ನು. ಮೊಗೇರಿಯಲ್ಲಿ 1918ರಲ್ಲಿ ಜನಿಸಿದ ಗೋಪಾಲಕೃಷ್ಣ ಅಡಿಗರು ಮೈಸೂರು, ಸಾಗರ, ಉಡುಪಿಗಳ ಕಾಲೇಜುಗಳಲ್ಲಿ ದುಡಿದರು. ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿದ ತಮ್ಮ ನವ್ಯ ಸಂಕಲನಕ್ಕೆ 1954ರಲ್ಲಿ ಅವರು ಇಟ್ಟ ಹೆಸರು ‘ಚಂಡೆಮದ್ದಳೆ’. ಪಶ್ಚಿಮದ ಕಾವ್ಯವನ್ನು ಅರಗಿಸಿಕೊಂಡ ಕವಿಗೆ ತನ್ನ ಕಾಲದ ತಳಮಳವನ್ನು ಸಾರಲು ಬೇಕಾದದ್ದು ಬಯಲಾಟದ ವಾದ್ಯಗಳ ಹೆಸರು!

ಕೋಟದ ಶಿವರಾಮ ಕಾರಂತರದು ಇನ್ನೂ ದೊಡ್ಡ ಸುತ್ತು. 1902ರಲ್ಲಿ ಜನಿಸಿ, ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟು, ಬಹುಕಾಲ ಪುತ್ತೂರಿನಲ್ಲಿ ನೆಲೆಸಿದರು. ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಕೋಟದ ಕಡಲಂಚಿನ ಒಂದು ಕುಟುಂಬದ ಮೂರು ತಲೆಮಾರುಗಳನ್ನು ಚಿತ್ರಿಸಿದರು. ಓದಿಗಾಗಿ ದೂರ ಹೋದ ಮೊಮ್ಮಗನನ್ನು ಕೊನೆಗೆ ಊರ ಮಣ್ಣಿಗೇ ಕರೆತಂದರು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ, ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠವೂ ಸಂದವು. ಇಳಿವಯಸ್ಸಿನಲ್ಲಿ ಅವರು ಸ್ವತಃ ಸಾಲಿಗ್ರಾಮಕ್ಕೆ ಬಂದು ನೆಲೆಸಿದರು. ಬರೆದುದನ್ನು ಬಾಳಿದವರು ಅವರು. 1997ರಲ್ಲಿ ತೀರಿಕೊಂಡರು.

ಊರಿನ ಮಾತನ್ನು ಒಯ್ದವರದು ಕಷ್ಟದ ದಾರಿ. ಪೇಟೆಯವರು ‘ಎಲ್ಲಿಗೆ ಹೋಗಬೇಕು?’ ಎಂದು ಕೇಳುವುದನ್ನು ಕುಂದಾಪುರದವರು ‘ಎಲ್ಲಿಗ್ ಹೋಯ್ಕ್?’ ಎಂದು ಮುಗಿಸುತ್ತಾರೆ. ಘಟ್ಟದ ಮೇಲೆ ಈ ನುಡಿಯನ್ನು ಕೇಳಿ ನಕ್ಕವರಿದ್ದರು. ಅದನ್ನು ಮರೆಮಾಡಿ ಗ್ರಂಥದ ಕನ್ನಡವನ್ನಾಡಲು ಕಲಿತವರೂ ಇದ್ದರು. ಆದರೆ 1945ರಲ್ಲಿ ಕುಂದಾಪುರದಲ್ಲಿ ಜನಿಸಿದ ವೈದೇಹಿಯವರು, ವಿವಾಹಾನಂತರ ಶಿವಮೊಗ್ಗಕ್ಕೆ ಹೋದರೂ, ಅಡುಗೆಮನೆಯ ಹೆಣ್ಣುಮಕ್ಕಳ ಆ ನುಡಿಯನ್ನೇ ಕಥೆಗಳಿಗೆ ತಂದರು. ಮನೆಯೊಳಗೆ ಪಿಸುದನಿಯಲ್ಲಿ ಆಡಿದ್ದು ಸಾಹಿತ್ಯವಾಯಿತು. ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರಲ್ಲಿ ಅವರಿಗೂ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಇಂದಿನ ತರುಣರೂ ಈ ಸಾಲಿಗೆ ಸೇರಿದವರೇ. ವಂಡ್ಸೆಯ ಕಡೆಯ ಗುರುರಾಜ ಪೂಜಾರಿ, ವಾಹನ ಚಾಲಕರೊಬ್ಬರ ಮಗ. 2018ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟಿನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕಿಲೋಗ್ರಾಂ ಭಾರವನ್ನೆತ್ತಿ, ಬೆಳ್ಳಿಯ ಪದಕದೊಂದಿಗೆ ಭಾರತದ ಖಾತೆಯನ್ನು ತೆರೆದರು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕಂಚನ್ನೂ ಗಳಿಸಿದರು. ಕೆರಾಡಿಯ ರಿಷಬ್ ಶೆಟ್ಟಿ ಬೆಂಗಳೂರಿನ ಚಿತ್ರರಂಗದಲ್ಲಿ ಹೆಸರು ಮಾಡಿದ ಬಳಿಕ ಕ್ಯಾಮೆರಾ ಹೊತ್ತು ಹುಟ್ಟೂರಿಗೆ ಮರಳಿದರು. 2022ರ ‘ಕಾಂತಾರ’ ಅಲ್ಲಿಯೇ ಚಿತ್ರಿತವಾಯಿತು. ಆ ಸಾಲಿನ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯನ್ನು ಅವರು ಪಡೆದರು. ಹಿಂದೆ ನಗೆಗೀಡಾದ ನುಡಿಯನ್ನು ದೇಶದ ನಾನಾ ಕಡೆಯ ಚಿತ್ರಮಂದಿರಗಳಲ್ಲಿ ಜನ ಕಾಸು ಕೊಟ್ಟು ಕೇಳಿದರು. 2019ರಿಂದ ಆಸಾಡಿ ಅಮಾಸೆಯನ್ನು ವಿಶ್ವ ಕುಂದಾಪ್ರ ಕನ್ನಡ ದಿನವೆಂದು ಈ ಸೀಮೆಯವರು ಆಚರಿಸುತ್ತಿದ್ದಾರೆ.

ಹೆಸರು ಮಾಡಿದವರೆಲ್ಲ ತನ್ನವರೆಂದು ಊರು ಹೆಮ್ಮೆಪಡುವುದು ಸಹಜ. ಆದರೆ ಹೆಮ್ಮೆಯ ಜೊತೆಗೆ ಒಂದು ಹೊಣೆಯೂ ಇದೆ. ಅಡಿಗರಿಗೆ ಚಂಡೆ ದೊರೆತದ್ದು ಊರಲ್ಲಿ ಆಟ ನಡೆಯುತ್ತಿದ್ದುದರಿಂದ. ವೈದೇಹಿಯವರಿಗೆ ನುಡಿ ದೊರೆತದ್ದು ಮನೆಯಲ್ಲಿ ಹಿರಿಯರು ಅದನ್ನಾಡುತ್ತಿದ್ದುದರಿಂದ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಗಳ ಮೇಳಗಳು ಇಂದಿಗೂ ಊರೂರು ತಿರುಗುತ್ತಿವೆ. ಆದರೆ ರಂಗಸ್ಥಳದ ಮುಂದೆ ಕುಳಿತು ನೋಡಲು ಮಕ್ಕಳಿರುವರೇ? ಅಜ್ಜಿಯ ಮಾತಿಗೆ ಅದೇ ಮಾತಿನಲ್ಲಿ ಉತ್ತರಿಸಬಲ್ಲ ಮೊಮ್ಮಕ್ಕಳಿರುವರೇ?

ಸಿದ್ದಾಪುರದಿಂದ ಘಟ್ಟ ಹತ್ತುವ ತರುಣರನ್ನು ತಡೆಯುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಹೋಗುವವರು ಹೋಗಲಿ. ಅವರ ಗಂಟಿನಲ್ಲಿ ಕಟ್ಟಿಕೊಡಲು ಊರಿನಲ್ಲಿ ಏನಾದರೂ ಉಳಿದಿರಬೇಕು. ಅದನ್ನು ಉಳಿಸುವುದು ಹೋಗದೆ ನಿಂತವರ ಕೆಲಸ.