ಕತ್ತಲೆ ಸಾಲದು ಅಂದವರು

ಫೋನಿನ ಮ್ಯಾಪಿನಲ್ಲಿ ತಿಪ್ಪಸಂದ್ರ ಎಂದು ಹುಡುಕಿದರೆ ಅದು ನೇರವಾಗಿ ಬೆಂಗಳೂರಿನ ಇಂದಿರಾನಗರದ ಮಗ್ಗುಲಿಗೆ ತಂದು ನಿಲ್ಲಿಸುವುದೇ ಹೆಚ್ಚು. ಅದು ಹೊಸ ತಿಪ್ಪಸಂದ್ರ. ಮಾರ್ಕೆಟ್ ರಸ್ತೆ, ಸಾಲು ಸಾಲು ಪೀಜಿಗಳು, ನಡುರಾತ್ರಿಯಲ್ಲೂ ಉರಿಯುವ ಬೀದಿದೀಪ. ಇನ್ನೊಂದು ತಿಪ್ಪಸಂದ್ರ ಇರುವುದು ಮಾಗಡಿ ತಾಲ್ಲೂಕಿನಲ್ಲಿ. ಕಸಬಾ, ಕುದೂರು, ಸೋಲೂರು, ಮಾಡಬಾಳ್‌ಗಳ ಜೊತೆ ಎಣಿಸಿಕೊಂಡು ಬಂದ ಹೋಬಳಿ. ಆ ಸೀಮೆ 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಹೆಸರಿಗೆ ಬೆಂಗಳೂರು ಬಂತೇ ಹೊರತು ಬೆಂಗಳೂರಿನ ಬೆಳಕು ಬರಲಿಲ್ಲ. ಊರಿನ ಕೊನೆಯ ಕಂಬ ದಾಟಿ ಹೊಲದ ದಾರಿ ಹಿಡಿದರೆ ಕತ್ತಲೆ ಇನ್ನೂ ಕತ್ತಲೆಯಾಗಿಯೇ ಇದೆ.

ಎರಡೂ ತಿಪ್ಪಸಂದ್ರಗಳಲ್ಲಿ ಹುಡುಗರು ಗೇಮ್ ಆಡುತ್ತಾರೆ. ಅದರಲ್ಲೂ ಜೋಂಬಿ ಗೇಮ್ ಎಂದರೆ ಕಣ್ಣರಳಿಸುತ್ತಾರೆ. ಸತ್ತೂ ಸಾಯದ ಹೆಣಗಳು ಬೆನ್ನಟ್ಟುವಾಗ ಓಡಬೇಕು, ಅಡಗಬೇಕು, ಸಿಕ್ಕಿದ್ದರಲ್ಲೇ ಬದುಕಿ ಬೆಳಗು ಕಾಣಬೇಕು. ಅಂಥ ಗೇಮಿಗೆ ಎರಡನೇ ಭಾಗ ಬಂದರಂತೂ ಹಬ್ಬ. ಈ ಎರಡನೇ ಭಾಗಗಳ ಕಥೆಯಲ್ಲಿ ಒಂದು ತಮಾಷೆಯಿದೆ. ಅದನ್ನು ಮಾಗಡಿ ಕಡೆಯ ತಿಪ್ಪಸಂದ್ರದಲ್ಲಿ ಕೂತು ನೋಡಿದರೆ ಚೆನ್ನಾಗಿ ಕಾಣುತ್ತದೆ.

ಪೋಲೆಂಡಿನ ಟೆಕ್‌ಲ್ಯಾಂಡ್ ಕಂಪನಿ 2015ರಲ್ಲಿ ‘ಡೈಯಿಂಗ್ ಲೈಟ್’ ಎಂಬ ಗೇಮ್ ಬಿಟ್ಟಿತು. ಹರಾನ್ ಎಂಬ ಕಲ್ಪಿತ ನಗರ. ಹಗಲು ಹೊತ್ತು ಜೋಂಬಿಗಳು ಕುಂಟುತ್ತಾ ಅಲೆಯುವ ಬಡಪಾಯಿಗಳು, ಕೋಲಿನಲ್ಲಿ ನಾಲ್ಕು ಬಾರಿಸಿದರೆ ಮುಗಿಯಿತು. ಹೊತ್ತು ಮುಳುಗಿತೋ, ‘ವೊಲಟೈಲ್’ ಎಂಬ ಇನ್ನೊಂದು ಜಾತಿ ಬೀದಿಗಿಳಿಯುತ್ತದೆ. ಓಡುತ್ತದೆ, ಗೋಡೆ ಹತ್ತುತ್ತದೆ, ಕಂಡರೆ ಬಿಡುವುದಿಲ್ಲ. ಅದು ಹೆದರುವುದು ನೇರಳೆ ಬಣ್ಣದ ಯುವಿ ದೀಪಕ್ಕೆ ಮಾತ್ರ. ರಾತ್ರಿಯನ್ನು ಹೀಗೆ ಭೀಕರವಾಗಿ ಬಳಸಿಕೊಂಡದ್ದಕ್ಕೇ ಆ ಗೇಮ್ ಗೆದ್ದಿತು.

ಎರಡನೇ ಭಾಗ ‘ಡೈಯಿಂಗ್ ಲೈಟ್ 2: ಸ್ಟೇ ಹ್ಯೂಮನ್’ ಘೋಷಣೆಯಾದದ್ದು 2018ರಲ್ಲಿ. 2020ಕ್ಕೆ ಬರುತ್ತದೆ ಎಂದದ್ದು 2021ರ ಡಿಸೆಂಬರಿಗೆ ಹೋಯಿತು, ಅಲ್ಲಿಂದ ಜಾರಿ 2022ರ ಫೆಬ್ರುವರಿ 4ಕ್ಕೆ ಬಂತು. (ಅದೇ ಹೊತ್ತಿನಲ್ಲಿ ‘ಕೆಜಿಎಫ್ 2’ ಕೂಡ ದಿನಾಂಕ ಬದಲಿಸುತ್ತಾ ಬಂದು ಅದೇ ವರ್ಷದ ಏಪ್ರಿಲ್‌ನಲ್ಲಿ ತೆರೆಕಂಡಿತು. ಎರಡನೇ ಭಾಗಗಳ ಹಣೆಬರಹವೇ ಕಾಯಿಸುವುದು.) ಬಿಡುಗಡೆಗೆ ತಿಂಗಳಿರುವಾಗ ಕಂಪನಿ ಒಂದು ಬಡಾಯಿ ಕೊಚ್ಚಿತು: ಗೇಮನ್ನು ಪೂರ್ತಿ, ಒಂದು ಮೂಲೆಯನ್ನೂ ಬಿಡದೆ ಆಡಿ ಮುಗಿಸಲು ಕಡೇಪಕ್ಷ 500 ಗಂಟೆ ಬೇಕು. ಕೆಲಸ, ಸಂಸಾರ ಇರುವವರು ಇದನ್ನು ಕೇಳಿ ಗಾಬರಿಬಿದ್ದರು. ಆಮೇಲೆ ಮುಖ್ಯ ಕಥೆಗೆ 20 ಗಂಟೆ ಸಾಕು ಎಂದು ಕಂಪನಿಯೇ ಸಮಾಧಾನ ಹೇಳಬೇಕಾಯಿತು.

500 ಗಂಟೆ ಎಂದರೆ ಎಷ್ಟು? ನಮ್ಮಲ್ಲಿ ರೈತರ ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟು ಎಂಬುದು ಸರ್ಕಾರಿ ಲೆಕ್ಕ. ಆ ಲೆಕ್ಕದಲ್ಲಿ 500 ಗಂಟೆ ಎಂದರೆ 71 ದಿನ ದಾಟುತ್ತದೆ. ಗೇಮಿಗೆ ಕಂಪ್ಯೂಟರಿನಲ್ಲಿ 60 ಜಿಬಿ ಜಾಗ ಬೇಕು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್ ನಂಬಿಕೊಂಡು ಹಾಟ್‌ಸ್ಪಾಟ್‌ನಲ್ಲಿ ಇಳಿಸುತ್ತಾ ಕೂತರೆ, ವಾಟ್ಸ್‌ಆ್ಯಪ್ ಕೂಡ ನೋಡದೆ 40 ದಿನ. ಹಳ್ಳಿಯ ಹುಡುಗರು ಇಂಥ ಗೇಮನ್ನು ಆಡುವುದಕ್ಕಿಂತ ಯೂಟ್ಯೂಬಿನಲ್ಲಿ ಬೇರೆಯವರು ಆಡುವುದನ್ನು ನೋಡುವುದೇ ಹೆಚ್ಚು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಗೇಮಿನೊಳಗೆ ಹೋದರೆ ಇನ್ನೊಂದು ಸೋಜಿಗ. ನಾಯಕ ಏಡನ್‌ಗೆ ಜೋಂಬಿ ಕಚ್ಚಿದೆ. ಮಣಿಕಟ್ಟಿನಲ್ಲಿ ಒಂದು ಪಟ್ಟಿ. ಕತ್ತಲಿಗೆ ಕಾಲಿಟ್ಟ ಕ್ಷಣದಿಂದ ಸಮಯ ಇಳಿಯತೊಡಗುತ್ತದೆ. ಸೊನ್ನೆಗೆ ಬರುವುದರೊಳಗೆ ಯುವಿ ಬೆಳಕು ಸೇರದಿದ್ದರೆ ಅವನೂ ಜೋಂಬಿಯೇ. ಆಡುವವನು ಬರೀ ಹೊಡೆದಾಡುತ್ತಾ ಇದ್ದರೆ ಸಾಲದು, ಹಾಳುಬಿದ್ದ ವಿದ್ಯುತ್ ಸಬ್‌ಸ್ಟೇಷನ್‌ಗಳನ್ನೂ ಮತ್ತೆ ಚಾಲೂ ಮಾಡಬೇಕು. ಕೇಬಲ್ ಎಳೆದುಕೊಂಡು ಹೋಗಿ ಸರಿಯಾದ ಕಡೆ ಸಿಕ್ಕಿಸಬೇಕು. ಕೇಬಲ್ಲಿಗೆ ಇಂತಿಷ್ಟೇ ಉದ್ದ, ಸುತ್ತುದಾರಿ ಹಿಡಿದರೆ ಅರ್ಧದಲ್ಲೇ ನಿಲ್ಲುತ್ತದೆ. ಕರೆಂಟು ಬಂದ ಮೇಲೆ ಅದನ್ನು ಊರಿನ ಯಾವ ಬಣಕ್ಕೆ ಒಪ್ಪಿಸುವುದು ಎಂದೂ ಅವನೇ ತೀರ್ಮಾನಿಸಬೇಕು. ಬೋರ್‌ವೆಲ್‌ನಿಂದ ತೋಟದ ಮೂಲೆಗೆ ವೈರು ಎಳೆದು, ಸಾಲದೆ ಬಂದು, ಜಾಯಿಂಟ್ ಹಾಕಿದವರಿಗೆ ಈ ಭಾಗವನ್ನು ಹೇಳಿಕೊಡಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರ್ ಯಾವ ಬೀದಿಗೆ ಎಂಬ ಪಂಚಾಯಿತಿ ರಾಜಕೀಯ ಬಲ್ಲವರಿಗೂ ಅಷ್ಟೇ.

ಗೋಡೆ, ಮಾಳಿಗೆ, ಕಂಬ ಏನು ಸಿಕ್ಕರೂ ಹತ್ತಿ ಹಾರುವುದು ಗೇಮಿನ ಇನ್ನೊಂದು ಆಕರ್ಷಣೆ. ಪಾರ್ಕೂರ್ ವಿದ್ಯೆಗೆ ಹೆಸರಾದ ಫ್ರಾನ್ಸಿನ ಡೇವಿಡ್ ಬೆಲ್ ಇದಕ್ಕೆ ನೆರವಾದರು. ಚಿತ್ರದುರ್ಗದ ಕೋಟೆ ಗೋಡೆಯನ್ನು ಹಗ್ಗವಿಲ್ಲದೆ ಏರುವ ‘ಕೋತಿರಾಜ’ ಜ್ಯೋತಿರಾಜ್ ಅವರನ್ನು ಕಂಡ ಕನ್ನಡಿಗರಿಗೆ ಇದೇನೂ ಪೋಲೆಂಡಿನ ಪವಾಡ ಅನ್ನಿಸಲಿಕ್ಕಿಲ್ಲ.

ತಮಾಷೆ ಇರುವುದು ಇಲ್ಲಿಂದ ಮುಂದೆ. ಎರಡನೇ ಭಾಗದಲ್ಲಿ ಜನ ಮಾಳಿಗೆಗಳ ಮೇಲೆ ಬದುಕು ಕಟ್ಟಿಕೊಂಡಿದ್ದಾರೆ. ರಾತ್ರಿಯಾದರೂ ಮಾಳಿಗೆಯಿಂದ ಮಾಳಿಗೆಗೆ ಹಾರಿಕೊಂಡು ಹೋದರೆ ಅಂಥ ಅಪಾಯವಿಲ್ಲ. ವೊಲಟೈಲ್‌ಗಳು ಮೊದಲಿನ ಹಾಗೆ ಬೀದಿ ಬೀದಿಯಲ್ಲಿ ಕಾಣಿಸುತ್ತಿರಲಿಲ್ಲ. ಅಭಿಮಾನಿಗಳು ಮುನಿಸಿಕೊಂಡರು. ಅವರ ದೂರು ಒಂದೇ: ರಾತ್ರಿಗೆ ಭಯ ಬರುತ್ತಿಲ್ಲ. ಕಂಪನಿ ಕಿವಿಗೊಟ್ಟು 2023ರಲ್ಲಿ ಅಪ್‌ಡೇಟ್ ಬಿಟ್ಟು ವೊಲಟೈಲ್‌ಗಳನ್ನು ಮತ್ತೆ ಬೀದಿಗಿಳಿಸಿತು. ಆ ಗೇಮಿನ ಬಾಲವಾಗಿ ಬರಬೇಕಿದ್ದ ಕಥೆಯೊಂದು ಬೆಳೆದು 2025ರ ಸೆಪ್ಟೆಂಬರಿನಲ್ಲಿ ‘ಡೈಯಿಂಗ್ ಲೈಟ್: ದಿ ಬೀಸ್ಟ್’ ಎಂಬ ಬೇರೆಯೇ ಗೇಮ್ ಆಯಿತು, ಅದರಲ್ಲೂ ರಾತ್ರಿಯ ದಿಗಿಲಿಗೇ ದೊಡ್ಡ ಪ್ರಚಾರ.

ಇತ್ತ ಮಾಗಡಿಯ ಕಡೆ ಮನವಿ ತಿರುಗುಮುರುಗು. ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಗೆ ಬಿದ್ದರೆ ಹೊಲಕ್ಕೆ ನೀರು ಕಟ್ಟುವವರು ಟಾರ್ಚು, ದೊಣ್ಣೆ ಹಿಡಿದು ಹೊರಡಬೇಕು. ಹಗಲು ಹೊತ್ತಿನಲ್ಲೇ ಕರೆಂಟು ಕೊಡಿ ಎಂಬುದು ರೈತ ಸಂಘಟನೆಗಳ ಹಳೆಯ ಬೇಡಿಕೆ. ಅದಕ್ಕೆ ಕಾರಣ ಬರೀ ನಿದ್ದೆಗೇಡಲ್ಲ. ಬಂಡೆಗುಡ್ಡ, ಲಂಟಾನದ ಪೊದೆ, ನಡುವೆ ರಾಗಿ ಹೊಲ, ಮಾವಿನ ತೋಪು ಇರುವ ಈ ಸೀಮೆ ಚಿರತೆಗೆ ಹೇಳಿ ಮಾಡಿಸಿದ ಜಾಗ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ದೇಶದಲ್ಲಿ ಮಧ್ಯಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ನಮ್ಮದೇ ಹೆಚ್ಚು. ಸಾಮಾನ್ಯವಾಗಿ ಅವು ನಾಯಿ, ಕುರಿ, ಕರುಗಳಿಗೆ ಬಾಯಿ ಹಾಕಿ ಹೋಗುತ್ತವೆ. 2020ರ ಮೇ ತಿಂಗಳಲ್ಲಿ ಮಾತ್ರ ಮಾಗಡಿ ತಾಲ್ಲೂಕಿನಲ್ಲಿ ಒಂದು ಮಗುವೂ ಒಬ್ಬ ವೃದ್ಧೆಯೂ ಚಿರತೆಗೆ ಬಲಿಯಾದರು. ಬೋನುಗಳು ಬಂದವು, ಹಳ್ಳಿಗಳು ಸಂಜೆಗೇ ಬಾಗಿಲು ಹಾಕಿಕೊಂಡವು. ಕೊರೊನಾ ಬೇರೆ ಹೊರಗೆ ಕಾದಿತ್ತು.

ಮರು ತಿಂಗಳು, ಜೂನ್ 19ರಂದು, ಜಗತ್ತೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗಲೇ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಬಿಡುಗಡೆಯಾಯಿತು. ಮೂರೇ ದಿನದಲ್ಲಿ 40 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾದವು. ಅದರಲ್ಲಿ ಮನುಷ್ಯರನ್ನು ಜೋಂಬಿ ಮಾಡುವುದು ಮಾಟವಲ್ಲ, ವೈರಸ್ಸೂ ಅಲ್ಲ, ‘ಕಾರ್ಡಿಸೆಪ್ಸ್’ ಎಂಬ ಶಿಲೀಂಧ್ರ. ನಮ್ಮ ಮಾತಲ್ಲಿ ಬೂಷ್ಟು. ಇರುವೆಯ ಮೈಯೊಳಗೆ ಬೆಳೆದು, ಅದನ್ನು ತನಗೆ ಬೇಕಾದಂತೆ ಆಡಿಸಿ ಕೊಲ್ಲುವ ಶಿಲೀಂಧ್ರವನ್ನು ಬಿಬಿಸಿಯ ಸಾಕ್ಷ್ಯಚಿತ್ರದಲ್ಲಿ ನೋಡಿದ ಗೇಮ್ ತಯಾರಕರಿಗೆ ಈ ಕಲ್ಪನೆ ಹೊಳೆಯಿತು.

ರಾಮನಗರದ ಸುತ್ತಿನ ರೇಷ್ಮೆ ಬೆಳೆಗಾರರಿಗೆ ಅದರ ದಾಯಾದಿಯ ಪರಿಚಯ ಚೆನ್ನಾಗಿಯೇ ಇದೆ. ಹುಳು ಮನೆಯಲ್ಲಿ ಥಂಡಿ, ತೇವ ಹೆಚ್ಚಿದಾಗ ಬರುವ ಸುಣ್ಣಕಟ್ಟು ರೋಗ ಅದು. ಆ ರೋಗ ತರುವ ‘ಬ್ಯುವೇರಿಯಾ’ ಶಿಲೀಂಧ್ರ ಕಾರ್ಡಿಸೆಪ್ಸ್ ಕುಟುಂಬದ್ದೇ. ಬೀಜಕಣ ಹುಳುವಿನ ಚರ್ಮದ ಮೇಲೆ ಕೂತು ಮೊಳೆತು ಒಳಕ್ಕೆ ಇಳಿಯುತ್ತದೆ. ಹುಳು ಸೊಪ್ಪು ಬಿಡುತ್ತದೆ, ಮಂಕಾಗುತ್ತದೆ, ಸಾಯುತ್ತದೆ. ಸತ್ತ ಮೇಲೆ ಮೈ ಸೆಟೆದು ಕಡ್ಡಿಯಾಗುತ್ತದೆ, ಆಮೇಲೆ ಸುಣ್ಣದ ಕಡ್ಡಿಯಂತೆ ಬೆಳ್ಳಗಾಗುತ್ತದೆ. ಆ ಬಿಳಿ ಪುಡಿಯೇ ಮುಂದಿನ ದಂಡು. ಗಾಳಿಗೆ ಹಾರಿತೆಂದರೆ ತಟ್ಟೆಯಿಂದ ತಟ್ಟೆಗೆ, ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ. ಹಾಗಾಗಿ ಸೆಟೆದ ಹುಳುವನ್ನು ಬೆಳ್ಳಗಾಗುವ ಮುಂಚೆಯೇ ಆರಿಸಿ ತೆಗೆದು ಸುಡಬೇಕು. ಹುಳು ಮನೆಯಲ್ಲಿ ತೇವ ತಗ್ಗಿಸಬೇಕು, ಗಾಳಿ ಆಡಿಸಬೇಕು, ಸುಣ್ಣದ ಪುಡಿ ಉದುರಿಸಬೇಕು, ಹಳೆಯ ಸೊಪ್ಪು ಗುಡಿಸಬೇಕು. ಒಂದು ಹೊತ್ತು ಉದಾಸೀನ ಮಾಡಿದರೆ ಚಂದ್ರಿಕೆಗೆ ಹೋಗಬೇಕಾದ ಹುಳು ತಿಪ್ಪೆಗೆ ಹೋಗುತ್ತದೆ. ಸೋಂಕಿದ್ದನ್ನು ಮೊದಲು ಗುರುತಿಸು, ತಡಮಾಡದೆ ಮುಗಿಸು, ಉಳಿದದ್ದನ್ನು ಕಾಪಾಡು: ಎಲ್ಲ ಜೋಂಬಿ ಗೇಮುಗಳೂ ಮೊದಲ ಅರ್ಧ ಗಂಟೆಯಲ್ಲಿ ಕಲಿಸುವ ಪಾಠ ಇಷ್ಟೇ. ಹುಳು ಮನೆಯಲ್ಲಿ ಬೆಳೆದ ಹುಡುಗಿಯರು ಅದನ್ನು ಹತ್ತನೇ ವಯಸ್ಸಿಗೇ ಕಲಿತಿರುತ್ತಾರೆ. ಅಲ್ಲಿ ಸೋತರೆ ‘ಮತ್ತೆ ಆಡು’ ಬಟನ್ ಇಲ್ಲ, ಚಾಕಿ ಮರಿಯ ಸಾಲವಿದೆ.

ಹಳ್ಳಿಗೆ ಜೋಂಬಿ ನಿಜವಾಗಿ ಬಂದದ್ದು ಇಂಥ ದುಬಾರಿ ಗೇಮುಗಳಿಂದಲ್ಲ, ಪಬ್‌ಜಿ ಮೊಬೈಲ್‌ನಿಂದ. 2019ರ ಫೆಬ್ರುವರಿಯಲ್ಲಿ ಅದು ಜಪಾನಿನ ‘ರೆಸಿಡೆಂಟ್ ಈವಿಲ್ 2’ ಜೊತೆ ಕೈಜೋಡಿಸಿ, ಬೆಳಗಾಗುವವರೆಗೆ ಬದುಕುಳಿಯುವ ಜೋಂಬಿ ಆಟವನ್ನು ಸೇರಿಸಿತು. ಎರಡನೇ ಭಾಗಗಳ ಪೈಕಿ ‘ರೆಸಿಡೆಂಟ್ ಈವಿಲ್ 2’ ದೊಡ್ಡಣ್ಣ. ಮುಕ್ಕಾಲು ಪಾಲು ತಯಾರಾಗಿದ್ದ ಗೇಮನ್ನು ಸರಿಯಿಲ್ಲವೆಂದು ಎತ್ತಿ ಎಸೆದು, ಹೊಸದಾಗಿ ಕಟ್ಟಿ 1998ರಲ್ಲಿ ಬಿಟ್ಟರು. 2019ರಲ್ಲಿ ಮತ್ತೊಮ್ಮೆ ಕಟ್ಟಿದರು. ಆ ಗೇಮಿನ ದೈತ್ಯ ಹಳೇ ರೆಡ್‌ಮಿ ಫೋನಿನ ಒಡೆದ ಗಾಜಿನ ಹಿಂದೆಯೂ ಬಂದು ನಿಂತ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾಯಿತು. ಮರುವರ್ಷ ಜುಲೈನಲ್ಲಿ ಬಿಜಿಎಂಐ ಎಂಬ ಹೊಸ ವೇಷ ತೊಟ್ಟು ಬಂತು, ಚೆಲ್ಲುವ ರಕ್ತ ಹಸಿರಾಗಿತ್ತು. 2022ರ ಜುಲೈನಲ್ಲಿ ಅದೂ ಮಾಯ. 2023ರ ಮೇನಲ್ಲಿ ಮರಳಿತು, 18ರೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಕಟ್ಟಳೆಯೊಂದಿಗೆ. ಸತ್ತು ಸತ್ತು ಎದ್ದು ಬರುವುದರಲ್ಲಿ ಈ ಗೇಮ್ ಜೋಂಬಿಯನ್ನೇ ಮೀರಿಸಿದೆ. ಅಪ್ಪನ ಪಂಪ್‌ಸೆಟ್ಟಿಗೆ 7 ಗಂಟೆ, ಮಗನ ಬಿಜಿಎಂಐಗೆ 6 ಗಂಟೆ. ಲೆಕ್ಕದಲ್ಲಿ ಅಪ್ಪನದೇ ಒಂದು ಕೈ ಮೇಲು.

ಬೆಂಗಳೂರಿಗೂ ಜೋಂಬಿ ಕಚ್ಚಿದ್ದುಂಟು. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದು. ‘ಫೋರ್ಜಾ’ದಂಥ ದೊಡ್ಡ ಗೇಮುಗಳಿಗೆ ಚಿತ್ರಕೆಲಸ ಮಾಡಿ ಹೆಸರು ಗಳಿಸಿತ್ತು. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು. 2016ರ ಕೊನೆಯಲ್ಲಿ ಆ ಸುದ್ದಿ ಬಂತು. ಅದೇ ಸ್ಟಾರ್‌ಬ್ರೀಜ್ 2018ರ ನವೆಂಬರಿನಲ್ಲಿ ‘ಓವರ್‌ಕಿಲ್ಸ್ ದಿ ವಾಕಿಂಗ್ ಡೆಡ್’ ಎಂಬ ಜೋಂಬಿ ಗೇಮ್ ಬಿಟ್ಟು ನೆಲಕಚ್ಚಿತು. ತಿಂಗಳೊಳಗೆ ಕಂಪನಿ ಪುನರ್‌ರಚನೆಗಾಗಿ ಸ್ವೀಡನ್ನಿನ ಕೋರ್ಟಿನ ಮೊರೆಹೋಯಿತು. ಹೇಗಾದರೂ ಉಳಿಯಬೇಕೆಂದು ಒಂದೊಂದೇ ಆಸ್ತಿ ಮಾರಿತು. 2019ರ ಮೇನಲ್ಲಿ ಧ್ರುವದ ಪಾಲನ್ನೂ 79 ಲಕ್ಷ ಡಾಲರ್‌ಗೆ ಮಾರಿತು, ಕೊಂಡದ್ದು ರಾಕ್‌ಸ್ಟಾರ್. 2012ರಲ್ಲೇ ಆನಿಮೇಷನ್, ಗೇಮಿಂಗ್‌ಗೆಂದು ನೀತಿ ತಂದ ರಾಜ್ಯ ನಮ್ಮದು. ಆದರೂ ಮಾಗಡಿಯ ರಾತ್ರಿಯೋ, ಹುಳು ಮನೆಯೋ, ಗೋಡೆಯ ಮೇಲಿನ ‘ನಾಳೆ ಬಾ’ ಬರಹವೋ ಜಗತ್ತು ಮಾತಾಡಿಕೊಳ್ಳುವ ಗೇಮಾಗುವ ದಿನ ಇನ್ನೂ ಬಂದಿಲ್ಲ. ‘ನಾಳೆ ಬಾ’ ಎಂಬುದಂತೂ ಒಳ್ಳೆಯ ಗೇಮಿನ ಸರಕು: ಓದಲು ಬರುವ ದೆವ್ವವನ್ನು ಒಂದು ಸೀಮೆಸುಣ್ಣದ ತುಂಡಿನಲ್ಲಿ ತಡೆದ ಊರು ನಮ್ಮದು. ಓದಲು ಬಾರದ ಜೋಂಬಿಯ ಮುಂದೆ ಆ ಉಪಾಯ ನಡೆಯುವುದಿಲ್ಲ, ಅಷ್ಟೇ.

ಹೊಲದ ಕಡೆ ಹೊಸ ಕಾಲವೂ ಬಂದಿದೆ. ಪಿಎಂ ಕುಸುಮ್ ಯೋಜನೆಯಲ್ಲಿ ಸೌರ ಫೀಡರ್‌ಗಳಿಂದ ಹಗಲಲ್ಲೇ ಕರೆಂಟು ಕೊಡುವ ಕೆಲಸ ನಡೆದಿದೆ. ಅದಕ್ಕೂ ಮುಂಚೆ ಬಂದದ್ದು ಮೊಬೈಲ್ ಸ್ಟಾರ್ಟರ್. ಪಂಪಿನ ಪೆಟ್ಟಿಗೆಯಲ್ಲಿ ಒಂದು ಸಿಮ್. ಅಪ್ಪ ಜಗಲಿಯ ಮಂಚದ ಮೇಲೆ ಮಲಗಿಕೊಂಡೇ ಕರೆ ಮಾಡಿದರೆ ಅರ್ಧ ಮೈಲಿಯಾಚೆ ಮೋಟರ್ ಓಡುತ್ತದೆ. ಮಗ ಅದೇ ಜಗಲಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಆಡುತ್ತಿದ್ದರೆ ಇಬ್ಬರೂ ದೂರದ ಕತ್ತಲನ್ನು ಹೆಬ್ಬೆರಳಲ್ಲಿ ಆಳುತ್ತಿರುವಂತೆ ಕಾಣುತ್ತದೆ. ಆದರೆ ನೀರು ತಿರುಗಿಸಲು ಸಿಮ್‌ಗೆ ಬರುವುದಿಲ್ಲ, ಹೋದ ಫ್ಯೂಸ್ ಕಟ್ಟಲೂ ಬರುವುದಿಲ್ಲ. ಆಗ ಎದ್ದು ಹೋಗಲೇಬೇಕು. ಗೇಮಿನಲ್ಲಿ ರಾತ್ರಿ ಹೊರಬಿದ್ದವರು ಸದ್ದು ಮಾಡಕೂಡದು, ಒಂದು ಡಬ್ಬಿ ಉರುಳಿದರೂ ಹಿಂಡು ಮೇಲೆ ಬೀಳುತ್ತದೆ. ಇಲ್ಲಿ ಒಬ್ಬರೇ ಹೋಗಬೇಡಿ, ಸದ್ದು ಮಾಡಿಕೊಂಡು ಹೋಗಿ ಎಂಬುದು ಚಿರತೆ ಇರುವ ಕಡೆಯ ಬುದ್ಧಿಮಾತು. ಹಾಗಾಗಿ ಮಗನ ಕೈಯಿಂದ ಫೋನ್ ಇಸಿದುಕೊಂಡು, ಇಯರ್‌ಫೋನ್ ಕಿತ್ತು, ಹಾಡನ್ನು ಜೋರಾಗಿ ಹಾಕಿ, ಅವನನ್ನೂ ಎಬ್ಬಿಸಿಕೊಂಡು, ಟಾರ್ಚನ್ನು ಬೇಲಿಯ ಎರಡೂ ಬದಿಗೆ ಆಡಿಸುತ್ತಾ ಇಬ್ಬರೂ ಹೊರಡುತ್ತಾರೆ.