ಬೇಲಿ ಕಾಣದ ಹೊಲಗಳು

ನಮ್ಮ ಹಿರಿಯರು ಹೊಲದ ವಿಸ್ತೀರ್ಣವನ್ನು ಎಕರೆಯಲ್ಲಿಯೂ ನಡೆಯುವ ದೂರವನ್ನು ಫರ್ಲಾಂಗಿನಲ್ಲಿಯೂ ಹೇಳುವುದನ್ನು ಮಕ್ಕಳು ಕೇಳಿರಬಹುದು. ಈ ಎರಡು ಮಾತುಗಳೂ ಹುಟ್ಟಿದ್ದು ಇಂಗ್ಲೆಂಡಿನ ಹಳ್ಳಿಗಳ ನೇಗಿಲ ಸಾಲಿನಲ್ಲಿ. ಸಾಲಿನ ಉದ್ದವೇ ಫರ್ಲಾಂಗು, ಅಂದರೆ 220 ಗಜ. ಎತ್ತುಗಳ ನೇಗಿಲು ಒಂದು ದಿನದಲ್ಲಿ ಉಳಬಲ್ಲಷ್ಟು ನೆಲವೇ ಎಕರೆ. ಒಂದು ಫರ್ಲಾಂಗು ಉದ್ದ, 22 ಗಜ ಅಗಲದ ಪಟ್ಟಿಯನ್ನು ಗುಣಿಸಿ ನೋಡಿದರೆ 4,840 ಚದರ ಗಜವಾಗುತ್ತದೆ; ನಮ್ಮ 40 ಗುಂಟೆಗೂ ಲೆಕ್ಕ ಅದೇ.

ಇಂತಹ ನೀಳ ಪಟ್ಟಿಗಳಲ್ಲಿ ಇಂದಿಗೂ ಬೇಸಾಯ ನಡೆಯುವ ಊರು ನಾಟಿಂಗ್‌ಹ್ಯಾಮ್‌ಶೈರ್ ಪ್ರಾಂತದ ಲಾಕ್ಸ್‌ಟನ್. ಸಣ್ಣ ಊರು, ಒಂದು ಹಳೆಯ ಚರ್ಚು, ಕೋಟೆಯಿದ್ದ ಮಣ್ಣಿನ ದಿಬ್ಬ, ಡವ್‌ಕೋಟ್ ಎಂಬ ಪಾನಗೃಹ. ಊರಿನ ಸುತ್ತ ಪಡುವಣ ಹೊಲ, ಗಿರಣಿ ಹೊಲ, ತೆಂಕಣ ಹೊಲ ಎಂಬ ಅರ್ಥದ ಹೆಸರುಗಳುಳ್ಳ ಮೂರು ದೊಡ್ಡ ಬಯಲುಗಳಿವೆ. ಅವುಗಳೊಳಗೆ ಬೇಲಿಯಿಲ್ಲ. ಒಬ್ಬೊಬ್ಬ ರೈತನ ಪಟ್ಟಿಗಳೂ ಮೂರರಲ್ಲಿಯೂ ಚದುರಿವೆ. ಒಂದು ಬಯಲಿನಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲಾಗುತ್ತದೆ. ಈಗ ಬೀಳಿನ ಬದಲು ಮೇವಿನ ಬೆಳೆ ಬಂದಿದೆ. ಉಳಲು ಬಾರದ ತಗ್ಗು ಜಾಗಗಳು ಹುಲ್ಲಿಗೆ ಮೀಸಲಾಗಿ ಎಲ್ಲರ ಸೊತ್ತಾಗಿ ಉಳಿದಿವೆ.

ಒಂದು ಕಾಲಕ್ಕೆ ಇಂಗ್ಲೆಂಡಿನ ನಡುನಾಡಿನ ಹಳ್ಳಿಗಳು ಹೆಚ್ಚುಕಡಿಮೆ ಹೀಗೆಯೇ ಇದ್ದವು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯಿದೆಗಳ ಮೂಲಕ ಸುಮಾರು 68 ಲಕ್ಷ ಎಕರೆಗೆ ಬೇಲಿ ಹಾಕಿಸಿತು. ದೊಡ್ಡ ಹಿಡುವಳಿದಾರರಿಗೆ ಅನುಕೂಲವಾಯಿತು, ಇಳುವರಿಯೂ ಹೆಚ್ಚಿತೆನ್ನುತ್ತಾರೆ; ಆದರೆ ಒಂದು ಹಸು, ನಾಲ್ಕು ಬಾತುಕೋಳಿಗಳನ್ನು ಸಾರ್ವಜನಿಕ ಹುಲ್ಲುಗಾವಲಿನ ಬಲದಿಂದ ಸಾಕಿಕೊಂಡಿದ್ದ ಬಡವನು ಕೂಲಿಯಾದನು. ಲಾಕ್ಸ್‌ಟನ್ನಿನಲ್ಲಿಯೂ ಕೆಲವು ಭಾಗ ಬೇಲಿಯೊಳಗೆ ಹೋಯಿತು. ಮೂರು ಬಯಲುಗಳ ನಡುಭಾಗ ಮಾತ್ರ ಉಳಿಯಿತು.

ಅಲ್ಲಿ ಮೊದಲು ಏನಿತ್ತೆಂಬುದಕ್ಕೆ ಅಪೂರ್ವವಾದ ಸಾಕ್ಷಿಯೊಂದಿದೆ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಭೂಮಾಪಕನು ಊರಿನ ಪ್ರತಿಯೊಂದು ಪಟ್ಟಿಯನ್ನೂ ಅಳೆದು ನಕ್ಷೆ ಬರೆದನು. ಉಳುವವರ, ಕೊಯ್ಯುವವರ ಪುಟ್ಟ ಚಿತ್ರಗಳನ್ನೂ ಅದರಲ್ಲಿ ಸೇರಿಸಿದನು. ಆ ನಕ್ಷೆ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಬೇಲಿಯಿಲ್ಲದ ಕಡೆ ಜಗಳವಾಗದೆ? ಪಕ್ಕದವನ ನೆಲಕ್ಕೆ ಒಂದು ಸಾಲು ಒತ್ತಿ ಉಳುವ ಚಪಲ ಯಾವ ದೇಶದ ರೈತನಿಗೂ ಹೊಸದಲ್ಲ. ಅದಕ್ಕಾಗಿಯೇ ಊರಿಗೆ ಕೋರ್ಟ್ ಲೀಟ್ ಎಂಬ ಸ್ವಂತ ನ್ಯಾಯಸಭೆಯಿದೆ. ಪ್ರತಿವರ್ಷ ನವೆಂಬರಿನ ಕೊನೆಯ ಹೊತ್ತಿಗೆ ಪಂಚರು ಗೋಧಿ ಬಿತ್ತಿದ ಬಯಲನ್ನು ಸುತ್ತುತ್ತಾರೆ. ದಾರಿಯನ್ನೋ ಹುಲ್ಲುನೆಲವನ್ನೋ ಯಾರಾದರೂ ಒತ್ತಿದ್ದರೆ ಸರಿಯಾದ ಎಲ್ಲೆಗೆ ಗೂಟ ಹೊಡೆಯುತ್ತಾರೆ, ಕಾಲುವೆಯ ಹೂಳು ತೆಗೆದಿದ್ದಾರೆಯೇ ಎಂದು ನೋಡುತ್ತಾರೆ. ಕೆಲವು ದಿನಗಳ ಬಳಿಕ ಡವ್‌ಕೋಟಿನಲ್ಲಿ ಸಭೆ ಸೇರಿ ತಪ್ಪಿದವರಿಗೆ ದಂಡ ವಿಧಿಸುತ್ತಾರೆ. ದಂಡದ ಮೊತ್ತ ಅಲ್ಪ. ನೆರೆಹೊರೆಯವರ ಮುಂದೆ ಹೆಸರು ಕೂಗಿಸಿಕೊಳ್ಳುವುದೇ ನಿಜವಾದ ಶಿಕ್ಷೆಯೆಂದು ನನಗೆ ತೋರುತ್ತದೆ. 1977ರಲ್ಲಿ ದೇಶದ ಇಂತಹ ಹಳೆಯ ನ್ಯಾಯಸಭೆಗಳ ಅಧಿಕಾರವನ್ನು ಕಾಯಿದೆಯೊಂದು ತೆಗೆದುಹಾಕಿದಾಗಲೂ ಲಾಕ್ಸ್‌ಟನ್ನಿಗೆ ವಿನಾಯಿತಿ ದೊರೆಯಿತು.

ಆದರೂ ಊರಿನ ಮುಂದಿನ ದಿನಗಳು ಸಲೀಸಲ್ಲ. ಟ್ರ್ಯಾಕ್ಟರುಗಳಿಗೆ ಸಣ್ಣ ಪಟ್ಟಿಗಳು ಒಗ್ಗುವುದಿಲ್ಲವೆಂದು ಹಲವನ್ನು ಕೂಡಿಸಿದ್ದಾಗಿದೆ. ಹೊಲ ಮಾಡುವ ಮನೆತನಗಳು ಕಡಿಮೆಯಾಗಿವೆ. ಊರಿನ ಒಡೆತನವೂ ಕೈಬದಲಾಯಿಸುತ್ತ ಬಂದಿದೆ: ಮ್ಯಾನ್ವರ್ಸ್ ಪ್ರಭುಮನೆತನವು 1952ರಲ್ಲಿ ಕೃಷಿ ಸಚಿವಾಲಯಕ್ಕೆ ಮಾರಿತು, 1981ರಲ್ಲಿ ಅದು ರಾಜಸ್ವತ್ತಿನ ಆಡಳಿತಕ್ಕೆ ಸೇರಿತು, 2020ರಲ್ಲಿ ಮತ್ತೆ ಆ ಮನೆತನದ ಥೋರ್ಸ್‌ಬಿ ಎಸ್ಟೇಟಿಗೇ ಮರಳಿತು. ಪ್ರತಿ ಬಾರಿಯೂ ಊರವರು ಕೇಳಿದ್ದು, ಪಂಚರು ಮುಂದಿನ ವರ್ಷವೂ ಗೂಟ ಹಿಡಿದು ಹೊರಡಬಹುದೇ ಎಂಬುದನ್ನೇ. ಈವರೆಗೆ ಹೊರಡುತ್ತಿದ್ದಾರೆ.