ಗೋಲು ಹೊಡೆಯದವನ ಹಿರಿಮೆ

ಪಂದ್ಯ ಮುಗಿದ ಮರುದಿನ ವೃತ್ತಪತ್ರಿಕೆಯಲ್ಲಿ ಅಚ್ಚಾಗುವುದು ಗೋಲು ಹೊಡೆದವರ ಹೆಸರು. ಆಗಬೇಕಾಗಿದ್ದು ಆಗದೆ ಹೋದ ಗೋಲುಗಳ ಪಟ್ಟಿಯನ್ನು ಯಾವ ಪತ್ರಿಕೆಯೂ ಮುದ್ರಿಸುವುದಿಲ್ಲ. ಕೆರೆಯ ಏರಿ ಒಡೆದರೆ ಊರಿಗೆಲ್ಲ ಸುದ್ದಿ. ಒಡೆಯದೆ ನಿಂತ ಏರಿಯ ಮಾತನ್ನು ಆಡುವವರಾರು? ತಡೆಯುವವನ ಕೆಲಸದ ಸ್ವಭಾವವೇ ಹೀಗೆ. ಅದು ಚೆನ್ನಾಗಿ ನಡೆದಷ್ಟೂ ಕಣ್ಣಿಗೆ ಬೀಳುವುದು ಕಡಮೆ. ಆದರೂ ಅಂಥವನ ಬೆಲೆಯನ್ನು ಪ್ರೇಕ್ಷಕರು ಅರಿತುಕೊಳ್ಳುವುದುಂಟು. ಅದು ಹೇಗೆ ಸಾಧ್ಯ ಎಂಬುದನ್ನು ಅಮೆರಿಕದ ಐಸ್ ಹಾಕಿಯ ಒಂದು ನಿದರ್ಶನದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮ ಮೈದಾನದ ಹಾಕಿಯನ್ನು ಬಲ್ಲವರಿಗೆ ಈ ಆಟ ತೀರ ಹೊಸದಲ್ಲ. ಹುಲ್ಲಿನ ಬದಲು ಇಲ್ಲಿ ಹೆಪ್ಪುಗಟ್ಟಿದ ನೀರು. ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಅದರ ಅಡ್ಡಳತೆ 3 ಅಂಗುಲ, ದಪ್ಪ 1 ಅಂಗುಲ, ತೂಕ ಸುಮಾರು 160 ಗ್ರಾಂ. ಬಲವಾಗಿ ಹೊಡೆದಾಗ ಅದು ಗಂಟೆಗೆ 150 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರಬಲ್ಲುದು. ಆಟಗಾರರು ಉಕ್ಕಿನ ಅಲಗುಳ್ಳ ಬೂಟು ಕಟ್ಟಿಕೊಂಡು ಜಾರುತ್ತ ಆಡುತ್ತಾರೆ. ಕಣದ ಉದ್ದ 200 ಅಡಿ, ಅಗಲ 85 ಅಡಿ, ಸುತ್ತಲೂ ಗೋಡೆ. ಒಂದೊಂದು ಪಕ್ಷಕ್ಕೆ ಏಕಕಾಲದಲ್ಲಿ ಆರೇ ಮಂದಿ: ಒಬ್ಬ ಗೋಲ್‌ಕೀಪರ್, ಮೂವರು ಫಾರ್ವರ್ಡ್‌ಗಳು, ಇಬ್ಬರು ಡಿಫೆನ್ಸ್‌ಮನ್‌ಗಳು. ನಮ್ಮ ಫುಲ್‌ಬ್ಯಾಕ್‌ಗಳ ಸ್ಥಾನ ಈ ಇಬ್ಬರದು. ಬಿರುಸಾದ ಆಟವಾದ್ದರಿಂದ ಸುಮಾರು ಮುಕ್ಕಾಲು ನಿಮಿಷಕ್ಕೊಮ್ಮೆ ಆಡುತ್ತಿದ್ದವರು ಹೊರಗೆ ಬಂದು ಬೇರೆಯವರು ಕಣಕ್ಕಿಳಿಯುತ್ತಾರೆ. ಹೀಗೆ ಸರದಿಯಲ್ಲಿ ಆಡಲು ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಆರು ಮಂದಿ ಡಿಫೆನ್ಸ್‌ಮನ್‌ಗಳು, ಎಂದರೆ ಮೂರು ಜೋಡಿ, ಸಿದ್ಧರಾಗಿರುತ್ತಾರೆ.

ಸ್ವಾಮಿ ವಿವೇಕಾನಂದರ 1893ರ ಭಾಷಣದಿಂದ ನಮಗೆಲ್ಲ ಪರಿಚಿತವಾದ ಶಿಕಾಗೋ ನಗರದಲ್ಲಿ ‘ಬ್ಲ್ಯಾಕ್‌ಹಾಕ್ಸ್’ ಎಂಬ ವೃತ್ತಿಪರ ಐಸ್ ಹಾಕಿ ತಂಡವಿದೆ. 2010, 2013 ಮತ್ತು 2015ರಲ್ಲಿ ಅದು ಈ ಆಟದ ಪರಮ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತು. ಈ ಮೂರು ವಿಜಯಗಳ ಮಾತು ಬಂದಾಗ ಜೋನಥನ್ ಟೇವ್ಸ್, ಪ್ಯಾಟ್ರಿಕ್ ಕೇನ್, ಡಂಕನ್ ಕೀತ್ ಎಂಬ ಹೆಸರುಗಳು ಮೊದಲು ಕೇಳುತ್ತವೆ. ಇದು ನ್ಯಾಯವೇ. ಆದರೆ ಮೂರು ಸಲವೂ ತಂಡದಲ್ಲಿದ್ದ ಇನ್ನೊಬ್ಬನುಂಟು: ಸ್ವೀಡನ್ನಿನ ನಿಕ್ಲಾಸ್ ಯಾಲ್ಮರ್ಸನ್, ನಾಲ್ಕನೆಯ ನಂಬರಿನ ಅಂಗಿ ತೊಟ್ಟ ಡಿಫೆನ್ಸ್‌ಮನ್. 2005ರಲ್ಲಿ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಂಡಾಗ ಈತನ ಹೆಸರು ಬಂದದ್ದು 107 ಮಂದಿಯ ನಂತರ. ಶಿಕಾಗೋದಲ್ಲಿ ಯಾವ ಋತುವಿನ ಲೀಗ್ ಪಂದ್ಯಗಳಲ್ಲಿಯೂ ಆತನ ಗೋಲುಗಳ ಸಂಖ್ಯೆ ಒಂದು ಕೈಯ ಬೆರಳುಗಳನ್ನು ಮೀರಲಿಲ್ಲ. ಶ್ರೇಷ್ಠ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಪ್ರಶಸ್ತಿ 2010 ಮತ್ತು 2014ರಲ್ಲಿ ಅದೇ ತಂಡದ ಕೀತ್‌ಗೆ ಸಂದಿತು. ಯಾಲ್ಮರ್ಸನ್‌ಗೆ ಎಂದೂ ಸಲ್ಲಲಿಲ್ಲ.

ಹಾಗಾದರೆ ಈತ ಮಾಡುತ್ತಿದ್ದುದೇನು? ಮೊದಲನೆಯದಾಗಿ, ಎದುರಾಳಿಯ ಅತ್ಯಂತ ಬಲಿಷ್ಠ ಫಾರ್ವರ್ಡ್‌ಗಳು ಇಳಿದಾಗ, ಅದರಲ್ಲೂ ಆಟ ತನ್ನ ಗೋಲಿನ ಬಳಿಯೇ ಆರಂಭವಾಗುವಾಗ, ತರಬೇತುದಾರನು ಈತನನ್ನು ಕಳುಹಿಸುತ್ತಿದ್ದ. ಕಷ್ಟದ ಪಾಲು ಈತನಿಗೆ ಬಂದುದರಿಂದ ಮುನ್ನುಗ್ಗಿ ಗೋಲು ಹೊಡೆಯುವ ಸುಲಭದ ಪಾಲು ಇತರರಿಗೆ ಉಳಿಯಿತು. ಎರಡನೆಯದಾಗಿ, ತಪ್ಪು ಮಾಡಿದ ಆಟಗಾರನನ್ನು ಈ ಆಟದಲ್ಲಿ ಸಾಮಾನ್ಯವಾಗಿ ಎರಡು ನಿಮಿಷ ಹೊರಗೆ ಕೂರಿಸುತ್ತಾರೆ. ಆಗ ಉಳಿದ ನಾಲ್ವರೂ ಗೋಲ್‌ಕೀಪರನೂ ಸೇರಿ ಎದುರಾಳಿಯ ಪೂರ್ಣಬಲವನ್ನು ತಡೆಯಬೇಕು. ಆ ನಾಲ್ವರಲ್ಲಿ ಈತ ಖಾಯಂ ಆಸಾಮಿ. ಮೂರನೆಯದಾಗಿ, ಗುರಿಯತ್ತ ಬರುವ ಪಕ್ಕಿಗೆ ಈತ ಮೈಯನ್ನೇ ಅಡ್ಡ ಒಡ್ಡುತ್ತಿದ್ದ. ಹೆಸರಿನ ಮೊದಲ ಅಕ್ಷರವಾದ ‘ಎಚ್’ ಸ್ವೀಡಿಷ್ ಉಚ್ಚಾರಣೆಯಲ್ಲಿ ಕೇಳಿಸದಿದ್ದರೂ ಶಿಕಾಗೋ ಮಂದಿ ಅದನ್ನು ಬಿಡದೆ ಈತನಿಗೆ ‘ಹ್ಯಾಮರ್’, ಎಂದರೆ ಸುತ್ತಿಗೆ, ಎಂಬ ಅಡ್ಡಹೆಸರಿಟ್ಟರು. ವಾಸ್ತವವಾಗಿ ಪೆಟ್ಟು ತಿನ್ನುವ ಅಡಿಗಲ್ಲಿನ ಕೆಲಸ ಆತನದು.

2014ರ ಪ್ಲೇಆಫ್‌ನಲ್ಲಿ ಮಿನ್ನೆಸೋಟಾ ತಂಡದೆದುರು ಆಡುವಾಗ ಪಕ್ಕೊಂದು ಆತನ ಗಂಟಲಿಗೆ ಬಡಿಯಿತು. ಕೆಲವು ದಿನ ಮಾತನಾಡಕೂಡದೆಂದು ವೈದ್ಯರು ವಿಧಿಸಿದರು. ಆತ ಮಾತು ನಿಲ್ಲಿಸಿದ, ಆಟ ನಿಲ್ಲಿಸಲಿಲ್ಲ.

ಇಷ್ಟಾದರೂ ಅಂಕಿಅಂಶಗಳ ಪಟ್ಟಿಯಲ್ಲಿ ಇಂಥವನು ಏಕೆ ಹಿಂದೆ ಬೀಳುತ್ತಾನೆ? ಕಾರಣ ಸರಳ. ಗೋಲು ಹೊಡೆದವನಿಗೂ ಅದಕ್ಕೆ ಪಕ್ ಒದಗಿಸಿದ ಇಬ್ಬರ ತನಕವೂ ಒಂದೊಂದು ಅಂಕ ಸಲ್ಲುತ್ತದೆ. ತಡೆದವನಿಗೆ ಅಂಥ ಅಂಕವಿಲ್ಲ. ‘ಪ್ಲಸ್ ಮೈನಸ್’ ಎಂಬ ಇನ್ನೊಂದು ಲೆಕ್ಕವಿದೆ. ಸಮಬಲದ ಆಟದಲ್ಲಿ ತನ್ನ ತಂಡ ಗೋಲು ಹೊಡೆದಾಗ ಕಣದಲ್ಲಿದ್ದವನಿಗೆ ಒಂದು ಕೂಡಿಸುತ್ತಾರೆ. ಎದುರಾಳಿ ಹೊಡೆದಾಗ ಒಂದು ಕಳೆಯುತ್ತಾರೆ. ಆದರೆ ದುರ್ಬಲರ ಎದುರು ಆಡಿದವನಿಗೂ ಪ್ರಬಲರ ಎದುರು ಆಡಿದವನಿಗೂ ಈ ಲೆಕ್ಕದಲ್ಲಿ ಭೇದವಿಲ್ಲ. ಮೈಯೊಡ್ಡಿ ತಡೆದ ಹೊಡೆತಗಳನ್ನು ಎಣಿಸುತ್ತಾರೆ, ನಿಜ. ಆದರೆ ಫಾರ್ವರ್ಡನ್ನು ಕಣದ ಅಂಚಿಗೆ ಒತ್ತಿ ಹೊಡೆಯಲು ಅವಕಾಶವನ್ನೇ ಕೊಡದಿದ್ದರೆ ಎಣಿಸಲು ಹೊಡೆತವೇ ಇರುವುದಿಲ್ಲ! ಅತ್ಯುತ್ತಮ ರಕ್ಷಣೆ ಯಾವ ಕೋಷ್ಟಕದಲ್ಲೂ ಗುರುತು ಬಿಡದೆ ಹೋಗುತ್ತದೆ.

ಈ ಕಾಣದ ಕೆಲಸಕ್ಕೆ ಒಮ್ಮೆ ಹಣದ ಒರೆಗಲ್ಲು ಹತ್ತಿತು. 2010ರ ಬೇಸಗೆಯಲ್ಲಿ, ಶಿಕಾಗೋ 49 ವರ್ಷಗಳ ಬಳಿಕ ಕಪ್ ಗೆದ್ದ ಕೆಲವೇ ವಾರಗಳಲ್ಲಿ, ಸ್ಯಾನ್ ಹೋಸೆ ತಂಡವು ಯಾಲ್ಮರ್ಸನ್‌ಗೆ ನಾಲ್ಕು ವರ್ಷಕ್ಕೆ 1 ಕೋಟಿ 40 ಲಕ್ಷ ಡಾಲರುಗಳನ್ನು ಕೊಡಲು ಮುಂದೆ ಬಂದಿತು. ಲೀಗಿನ ನಿಯಮದಂತೆ ಶಿಕಾಗೋ ಅಷ್ಟೇ ಹಣ ಕೊಟ್ಟು ಆತನನ್ನು ಉಳಿಸಿಕೊಳ್ಳಬೇಕು, ಇಲ್ಲವೇ ಬಿಟ್ಟುಕೊಡಬೇಕು. ಆದರೆ ತಂಡದ ಒಟ್ಟು ಸಂಬಳಕ್ಕೆ ಮಿತಿಯುಂಟು. ಆ ವರ್ಷದ ಮಿತಿ 5 ಕೋಟಿ 94 ಲಕ್ಷ ಡಾಲರ್. ಶಿಕಾಗೋ ಆತನನ್ನು ಉಳಿಸಿಕೊಂಡಿತು. ಸಂಬಳದ ಹಣ ಸಾಲದೆ, ಕಪ್ ಗೆದ್ದಾಗ ಗೋಲು ಕಾಯ್ದಿದ್ದ ಆಂಟಿ ನಿಯೆಮಿಯನ್ನೇ ಕೊನೆಗೆ ಕೈಬಿಡಬೇಕಾಯಿತು. ನಿಯೆಮಿ ಹೋಗಿ ಸೇರಿದ್ದು ಅದೇ ಸ್ಯಾನ್ ಹೋಸೆಯನ್ನು! ಮುಂದಿನ ಎರಡು ವರ್ಷ ಶಿಕಾಗೋ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತಿತು. ಗೋಲು ಹೊಡೆಯದ ಒಬ್ಬ ಡಿಫೆನ್ಸ್‌ಮನ್‌ಗಾಗಿ ಇಷ್ಟು ತೆತ್ತದ್ದು ಸರಿಯೇ ಎಂಬ ಪ್ರಶ್ನೆ ಸಹಜವಾಗಿತ್ತು.

ಉತ್ತರ 2013ರಲ್ಲಿ ದೊರೆಯಿತು. ಅದೂ ವಿಚಿತ್ರ ರೀತಿಯಲ್ಲಿ. ಡೆಟ್ರಾಯ್ಟ್ ತಂಡದೆದುರಿನ ಏಳು ಪಂದ್ಯಗಳ ಸರಣಿಯಲ್ಲಿ 1–3ರಿಂದ ಹಿಂದೆ ಬಿದ್ದಿದ್ದ ಶಿಕಾಗೋ ಸಮಕ್ಕೆ ಬಂದಿತ್ತು. ಮೇ 29ರಂದು ತಮ್ಮೂರಿನಲ್ಲೇ ಏಳನೆಯ ಪಂದ್ಯ. ಎರಡೂ ಕಡೆ ಒಂದೊಂದು ಗೋಲು. ಉಳಿದದ್ದು ಎರಡು ನಿಮಿಷಕ್ಕೂ ಕಡಮೆ. ಆಗ ಯಾಲ್ಮರ್ಸನ್ ದೂರದಿಂದ ಹೊಡೆದ ಪಕ್ ನೇರವಾಗಿ ಬಲೆ ಸೇರಿತು. ಆದರೆ ಅದಕ್ಕೆ ಮುಂಚೆಯೇ, ಬೇರೊಂದು ಮೂಲೆಯಲ್ಲಿ ಸೆಣಸುತ್ತಿದ್ದ ಎರಡು ಪಕ್ಷದ ಇಬ್ಬರಿಗೆ ಶಿಕ್ಷೆ ವಿಧಿಸಿ ರೆಫರಿ ಆಟ ನಿಲ್ಲಿಸಿದ್ದರು. ಗೋಲು ಲೆಕ್ಕಕ್ಕೆ ಬರಲಿಲ್ಲ. ಬಾಳಿನಲ್ಲಿ ಹೊಡೆದದ್ದೇ ಕೆಲವು. ಅವುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದೂ ಅಳಿಸಿಹೋಯಿತು. ಹೆಚ್ಚುವರಿ ಸಮಯದಲ್ಲಿ ಬ್ರೆಂಟ್ ಸೀಬ್ರುಕ್ ಗೋಲು ಹೊಡೆದು ಶಿಕಾಗೋವನ್ನು ಉಳಿಸಿದ. ದಾಖಲೆಯಲ್ಲಿರುವುದು ಸೀಬ್ರುಕ್‌ನ ಹೆಸರು. ಆದರೆ ಆ ರಾತ್ರಿ ಪಂದ್ಯ ನೋಡಿದವರು ಎರಡು ಗೋಲುಗಳನ್ನೂ ಮರೆತಿರಲಾರರು. ತಂಡ ಮುಂದೆ ಬಾಸ್ಟನ್ನನ್ನು ಸೋಲಿಸಿ ಕಪ್ ಗೆದ್ದಿತು.

2015ರಲ್ಲಿ ಇನ್ನೂ ದೊಡ್ಡ ಸಾಕ್ಷ್ಯ ದೊರೆಯಿತು. ಪ್ಲೇಆಫ್‌ನ ಎರಡನೆಯ ಸುತ್ತಿನಲ್ಲಿ ಮಿಖಾಲ್ ರೊಝಿವಾಲ್ ಎಂಬ ಡಿಫೆನ್ಸ್‌ಮನ್ ಕಣಕಾಲು ಮುರಿದುಕೊಂಡ. ಅಲ್ಲಿಂದಾಚೆಗೆ ಆರು ಮಂದಿಯ ಹೊರೆಯ ಬಹುಭಾಗವನ್ನು ಕೀತ್, ಸೀಬ್ರುಕ್, ಯಾಲ್ಮರ್ಸನ್, ಓಡುಯಾ ಎಂಬ ನಾಲ್ವರೇ ಹೊತ್ತರು. ಅನಹೈಮ್‌ನೊಡನೆ ಏಳು ಪಂದ್ಯಗಳು, ಟ್ಯಾಂಪಾ ಬೇಯೊಡನೆ ಆರು. ಕಪ್ ಬಂದಿತು, ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿ ಕೀತ್‌ಗೆ ಹೋಯಿತು. ಇಲ್ಲಿ ಅನ್ಯಾಯವೇನೂ ಇಲ್ಲ. ಆದರೆ ನಾಲ್ಕು ಕಂಬದ ಮಂಟಪದಲ್ಲಿ ಚಿತ್ತಾರವಿಲ್ಲದ ಕಂಬವೂ ಕಂಬವೇ.

ಶಿಕಾಗೋದ ಕಣದಲ್ಲಿ ತವರಿನ ತಂಡ ಗೋಲು ಹೊಡೆದರೆ ಕಹಳೆ ಮೊಳಗುತ್ತದೆ, ಹಾಡು ಕೇಳಿಬರುತ್ತದೆ, ಜನರೆಲ್ಲ ಎದ್ದು ಕುಣಿಯುತ್ತಾರೆ. ಮೈಯೊಡ್ಡಿ ತಡೆದ ಹೊಡೆತಕ್ಕೆ ಕಹಳೆಯೂ ಇಲ್ಲ, ಹಾಡೂ ಇಲ್ಲ. ಅದಕ್ಕೆ ಚಪ್ಪಾಳೆ ತಟ್ಟಬೇಕಾದರೆ ನೋಡುವವನಿಗೆ ತಾನಾಗಿಯೇ ಗೊತ್ತಾಗಬೇಕು. ಅಭಿಮಾನದಲ್ಲಿ ಎರಡು ಬಗೆ. ಒಂದು, ಕೀರ್ತಿಯನ್ನು ಹಿಂಬಾಲಿಸುವುದು. ಅದಕ್ಕೆ ಕಿವಿ ಸಾಕು. ಇನ್ನೊಂದು, ಆಟವನ್ನು ಅರಿತು ಕೀರ್ತಿ ಬಾರದವನನ್ನು ಕಂಡುಹಿಡಿಯುವುದು. ಅದಕ್ಕೆ ಕಣ್ಣು ಬೇಕು, ತಾಳ್ಮೆಯೂ ಬೇಕು. ವರ್ಷಗಟ್ಟಲೆ ಒಂದೇ ತಂಡವನ್ನು ನೋಡಿದವರಿಗೆ ಮಾತ್ರ ಇದು ಲಭಿಸುತ್ತದೆ. ಪ್ರಶಸ್ತಿಗೆ ಮತ ಹಾಕುವವರು ದೇಶದುದ್ದಕ್ಕೂ ನೂರಾರು ಆಟಗಾರರನ್ನು ತೂಗಿ ನೋಡಬೇಕು. ಊರಿನ ಪ್ರೇಕ್ಷಕ ಒಬ್ಬನನ್ನೇ ನೂರಾರು ಸಲ ನೋಡುತ್ತಾನೆ.

2017ರ ಜೂನ್‌ನಲ್ಲಿ ತಂಡವು ಯಾಲ್ಮರ್ಸನ್‌ನನ್ನು ಅರಿಜೋನಾಕ್ಕೆ ಕೊಟ್ಟು ಬದಲಿಗೆ ಇಬ್ಬರನ್ನು ಪಡೆಯಿತು. ಮರುವರ್ಷ ಶಿಕಾಗೋ 2008ರ ಬಳಿಕ ಮೊದಲ ಬಾರಿಗೆ ಪ್ಲೇಆಫ್ ತಲಪಲಿಲ್ಲ. ಇದಕ್ಕೆ ಆತನ ಅಗಲಿಕೆಯೊಂದೇ ಕಾರಣವೆನ್ನಲಾಗದು; ಗೋಲ್‌ಕೀಪರ್ ಕೋರಿ ಕ್ರಾಫರ್ಡ್ ಋತುವಿನ ನಡುವೆ ಗಾಯಗೊಂಡದ್ದೂ ದೊಡ್ಡ ಪೆಟ್ಟು. ಆದರೂ ಇಂಥವರ ಬೆಲೆ ಅವರಿದ್ದ ಜಾಗ ಬರಿದಾದಾಗಲೇ ಹಲವರಿಗೆ ತಿಳಿಯುವುದು. ಇರುವಾಗಲೇ ತಿಳಿದವರು ನಿಜವಾದ ಅಭಿಮಾನಿಗಳು.

ಸಹಪಾಠಿ ಮಿತ್ರರಲ್ಲಿ ಒಂದು ಸೂಚನೆ. ಮುಂದಿನ ಅಂತರ ಕಾಲೇಜು ಹಾಕಿ ಪಂದ್ಯದಲ್ಲಿ ಐದು ನಿಮಿಷ ಚೆಂಡನ್ನು ಬಿಟ್ಟು ನಮ್ಮ ಫುಲ್‌ಬ್ಯಾಕನ್ನು ಮಾತ್ರ ನೋಡಿರಿ. ಆತ ಎಲ್ಲಿ ನಿಲ್ಲುತ್ತಾನೆ, ಯಾವಾಗ ಹೆಜ್ಜೆ ಹಿಂದಿಡುತ್ತಾನೆ, ಎದುರಾಳಿಯನ್ನು ಯಾವ ಬದಿಗೆ ತಿರುಗಿಸುತ್ತಾನೆ ಎಂಬುದನ್ನು ಗಮನಿಸಿರಿ. ಐದನೆಯ ನಿಮಿಷದ ಕೊನೆಗೆ ನೀವು ಯಾರೂ ತಟ್ಟದ ಒಂದು ಚಪ್ಪಾಳೆಯನ್ನು ಒಬ್ಬರೇ ತಟ್ಟಿದರೆ ಆಶ್ಚರ್ಯವಿಲ್ಲ.